ಹದಿನೆಂಟು ತುಂಬಿದ ಮೇಲೆ ಯಾರ ಸಹಿ?

ಹದಿನೆಂಟು ವರ್ಷ ತುಂಬಿತೆಂದರೆ ನಮ್ಮ ಮಕ್ಕಳಿಗೆ ಒಂದು ಹೊಸ ಗತ್ತು ಬರುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರು, ಕಿಸೆಯಲ್ಲಿ ಚಾಲನಾ ಪರವಾನಗಿ, ಬ್ಯಾಂಕಿನಲ್ಲಿ ಸ್ವಂತ ಸಹಿಯ ಖಾತೆ. ಪಿ.ಯು.ಸಿ. ಮುಗಿಸಿ ಮಂಗಳೂರಿಗೋ ಬೆಂಗಳೂರಿಗೋ ಹೊರಟ ಹುಡುಗನ ಅರ್ಜಿಗಳಿಗೆ ಇನ್ನು ಅಪ್ಪನ ಸಹಿ ಬೇಕಾಗಿಲ್ಲ. ಕಾನೂನು ಅವನನ್ನು ವಯಸ್ಕನೆಂದು ಒಪ್ಪಿಕೊಂಡಿದೆ. ತಂದೆತಾಯಿಗೂ ಇದು ಹೆಮ್ಮೆಯ ಸಂಗತಿಯೇ.

ಆದರೆ ಇದೇ ವಯಸ್ಸಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ನಾವು ಮನೆಯಲ್ಲಿ ಮಾತಾಡುವುದಿಲ್ಲ. ಸ್ಕಿಜೋಫ್ರೀನಿಯಾ, ಬೈಪೋಲಾರ್ ಮುಂತಾದ ತೀವ್ರ ಸ್ವರೂಪದ ಮಾನಸಿಕ ಕಾಯಿಲೆಗಳು ಹೆಚ್ಚಾಗಿ ತಲೆದೋರುವುದು ಹದಿಹರೆಯದ ಕೊನೆಯಿಂದ ಮೂವತ್ತರ ಆಸುಪಾಸಿನೊಳಗೆ. ಸ್ಕಿಜೋಫ್ರೀನಿಯಾ ಗಂಡುಮಕ್ಕಳಲ್ಲಿ ಸ್ವಲ್ಪ ಬೇಗ, ಹೆಣ್ಣುಮಕ್ಕಳಲ್ಲಿ ಕೆಲವು ವರ್ಷ ತಡವಾಗಿ ಕಾಣಿಸಿಕೊಳ್ಳುತ್ತದೆ. ಅಂದರೆ ತಂದೆತಾಯಿಯ ಸಹಿಯ ಬಲ ಮುಗಿಯುವ ಹೊತ್ತಿಗೇ ಕಾಯಿಲೆ ಮನೆಯ ಹೊಸ್ತಿಲು ದಾಟುತ್ತದೆ. ಕಾಯಿಲೆ ಬಿದ್ದ ಮಗ ವಯಸ್ಕ. ಆಸ್ಪತ್ರೆಗೆ ಬರಲಾರೆ, ಮಾತ್ರೆ ನುಂಗಲಾರೆ ಎನ್ನುವ ಅಧಿಕಾರ ಅವನಿಗಿದೆ. ಅನ್ನ ಹಾಕುವ, ರಾತ್ರಿ ಎಚ್ಚರ ಇರುವ, ಊರವರ ಮಾತು ಕೇಳುವ ಹೊಣೆ ಮಾತ್ರ ಮನೆಯವರದು. ಇಂತಹ ಮನೆಗಳ ಜನ ನಮ್ಮ ರಾಜ್ಯದಲ್ಲಿಯೂ ಹೊರಗೂ ಕಾನೂನು ಬದಲಾಗಬೇಕೆಂದು ಏಕೆ ದನಿಯೆತ್ತಿದರು, ಎಷ್ಟು ಬದಲಾಯಿತು, ಏನು ಬಾಕಿ ಉಳಿಯಿತು ಎಂಬುದನ್ನು ಈ ವಾರ ನೋಡೋಣ.

ತನ್ನನ್ನೇ ಮರೆಮಾಡುವ ಕಾಯಿಲೆ

ಹಲ್ಲುನೋವು ಬಂದವನು ತಾನಾಗಿಯೇ ಡಾಕ್ಟರರ ಬಳಿಗೆ ಓಡುತ್ತಾನೆ. ಮೂಳೆ ಮುರಿದವನಿಗೆ ಮುರಿದಿದೆ ಎಂದು ಯಾರೂ ಒಪ್ಪಿಸಬೇಕಾಗಿಲ್ಲ. ಆದರೆ ಸರಿ-ತಪ್ಪನ್ನು ತೂಗಿ ನೋಡುವ ಅಂಗಕ್ಕೇ ಕಾಯಿಲೆ ಬಂದರೆ? ತಕ್ಕಡಿಯೇ ಕೆಟ್ಟಿದ್ದರೆ ಅದೇ ತಕ್ಕಡಿಯಿಂದ ಅದರ ದೋಷವನ್ನು ತೂಗಿ ಹಿಡಿಯಲಾಗದು. ಸ್ಕಿಜೋಫ್ರೀನಿಯಾ ಇರುವವನಿಗೆ ಯಾರೂ ಇಲ್ಲದ ಕೋಣೆಯಲ್ಲಿ ಮಾತು ಕೇಳಿಸುತ್ತದೆ. ಆ ಮಾತು ನಮಗೆ ಸುಳ್ಳು, ಅವನ ಕಿವಿಗೆ ಪಕ್ಕದಲ್ಲಿ ನಿಂತವರ ಮಾತಿನಷ್ಟೇ ನಿಜ. ನೆರೆಮನೆಯವರು ವಿಷ ಹಾಕುತ್ತಿದ್ದಾರೆಂದು ನಂಬಿದವನು ಊಟ ಬಿಡುವುದು ಅವನ ಮಟ್ಟಿಗೆ ಬುದ್ಧಿವಂತಿಕೆಯೇ. ತನಗೆ ಕಾಯಿಲೆಯಿದೆ ಎಂಬ ಅರಿವೇ ಇಲ್ಲದಿರುವುದು ಈ ರೋಗದ ಲಕ್ಷಣಗಳಲ್ಲೊಂದು. ಇದನ್ನು ಹಟ, ಸೊಕ್ಕು, ಸೋಮಾರಿತನ ಎಂದು ತಿಳಿದು ಬೈದರೆ ಪ್ರಯೋಜನವಿಲ್ಲ.

ಇದು ದೇಹದ ಕಾಯಿಲೆಯೇ ಎಂಬುದಕ್ಕೆ ಔಷಧಿಗಳೇ ಸಾಕ್ಷಿ. 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯರು ಲಿಥಿಯಂ ಲವಣದಿಂದ ಉನ್ಮಾದ ಇಳಿಯುವುದನ್ನು ವರದಿ ಮಾಡಿದರು. 1952ರಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಯಲ್ಲಿ ಕ್ಲೋರ್‌ಪ್ರೊಮಝೈನ್ ಎಂಬ ಔಷಧಿ ವರ್ಷಗಟ್ಟಲೆ ಬೀಗದೊಳಗಿದ್ದವರನ್ನು ಶಾಂತಗೊಳಿಸಿತು. ಅದಕ್ಕೂ ಮೊದಲು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ನಮ್ಮ ಪಶ್ಚಿಮಘಟ್ಟದಲ್ಲೂ ಬೆಳೆಯುವ ಸರ್ಪಗಂಧದ ಬೇರು ಮನೋರೋಗಕ್ಕೂ ಏರಿದ ರಕ್ತದೊತ್ತಡಕ್ಕೂ ಉಪಯುಕ್ತವೆಂದು ಬರೆದಿದ್ದರು. ಮೆದುಳಿನ ನರಕೋಶಗಳ ನಡುವೆ ಸಂದೇಶ ಸಾಗಿಸುವ ಡೋಪಮಿನ್ ಮುಂತಾದ ರಾಸಾಯನಿಕಗಳ ಮೇಲೆ ಇಂತಹ ಔಷಧಿಗಳು ಕೆಲಸ ಮಾಡುತ್ತವೆಂದು ಅನಂತರ ತಿಳಿಯಿತು. ಕುಲದೋಷವಾಗಲಿ, ತಾಯಿ ಸಾಕಿದ ರೀತಿಯಾಗಲಿ, ಮಾಟಮದ್ದಾಗಲಿ ಇದಕ್ಕೆ ಕಾರಣವಲ್ಲ.

ಇದರಲ್ಲಿ ಹೊತ್ತು ಮುಖ್ಯ. ಚಿಕಿತ್ಸೆ ತಡವಾದಷ್ಟೂ ಗುಣ ಕಾಣುವುದು ಕಷ್ಟವೆಂದು ಜಗತ್ತಿನ ಹಲವು ಅಧ್ಯಯನಗಳು ಹೇಳುತ್ತವೆ. ನಮ್ಮ ಘಟ್ಟದ ಮೇಲಿನ ತೀರ್ಥಹಳ್ಳಿ ತಾಲೂಕಿನಲ್ಲಿ ನಿಮ್ಹಾನ್ಸ್ ವೈದ್ಯರು ಹಳ್ಳಿ ಹಳ್ಳಿಗಳಲ್ಲಿ ರೋಗಿಗಳನ್ನು ಗುರುತಿಸಿ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದಾರೆ. ಔಷಧಿ ಪಡೆದವರಲ್ಲಿ ಕೆಲಸ ಮಾಡುವ, ಜನರೊಡನೆ ಬೆರೆಯುವ ಶಕ್ತಿ ಮರಳಿತು. ಪಡೆಯದವರ ಅಶಕ್ತತೆ ಇಳಿಯಲಿಲ್ಲ. ಆದರೆ 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ತೀವ್ರ ಮಾನಸಿಕ ಕಾಯಿಲೆಯವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ಚಿಕಿತ್ಸೆಯ ಹೊರಗೇ ಇದ್ದರು.

ನಮ್ಮ ಸವಣೂರಿನ ಕಡೆಯ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಒಮ್ಮೆ ನನ್ನಲ್ಲಿ ಕೇಳಿದ ಪ್ರಶ್ನೆಯಲ್ಲಿ ಈ ಇಡೀ ಸಮಸ್ಯೆ ಅಡಗಿದೆ. ಅವರು ಜ್ಯೋತಿಷ್ಯರಲ್ಲಿ ಪ್ರಶ್ನೆ ಇಡಿಸಿದ್ದರು, ಸುಬ್ರಹ್ಮಣ್ಯದಲ್ಲಿ ಸೇವೆ ಮಾಡಿಸಿದ್ದರು, ದೈವಕ್ಕೆ ಹರಕೆ ಹೇಳಿದ್ದರು. ಕೊನೆಗೆ ಡಾಕ್ಟರರಿಗೆ ತೋರಿಸಬೇಕೆಂದು ಅವರಿಗೇ ಅನ್ನಿಸಿತ್ತು. “ಆಸ್ಪತ್ರೆಗೆ ಹೋಗುವ ಅಂತ ಹೇಳಿದ್ರೆ ನಿಮಗೇ ಹುಚ್ಚು ಅಂತ ಹೇಳ್ತಾನೆ ಮಾಷ್ಟ್ರೇ. ಕೈಕಾಲು ಕಟ್ಟಿ ತಕೊಂಡು ಹೋಗ್ಲಿಕ್ಕೆ ಆಗ್ತದಾ? ಹೀಗೇ ಬಿಟ್ಟು ಕೂತ್ಕೊಳ್ಳಿಕ್ಕೆ ಆಗ್ತದಾ?” ಈ ಎರಡು ಪ್ರಶ್ನೆಗಳ ನಡುವೆ ದಾರಿ ಹುಡುಕುವುದೇ ಮಾನಸಿಕ ಆರೋಗ್ಯ ಕಾನೂನಿನ ಕೆಲಸ.

ಮೂರು ಕಾಯಿದೆಗಳ ಕಥೆ

ಬ್ರಿಟಿಷರು 1912ರಲ್ಲಿ ತಂದ ಕಾಯಿದೆಯ ಹೆಸರು ಇಂಡಿಯನ್ ಲೂನಸಿ ಆ್ಯಕ್ಟ್. ಲ್ಯಾಟಿನ್ ಭಾಷೆಯಲ್ಲಿ ಲೂನಾ ಎಂದರೆ ಚಂದ್ರ. ಹುಣ್ಣಿಮೆ ಅಮಾವಾಸ್ಯೆಗೆ ಹುಚ್ಚು ಏರುತ್ತದೆಂಬ ಹಳೆಯ ನಂಬಿಕೆ ಕಾನೂನಿನ ಹೆಸರಿಗೇ ಅಂಟಿಕೊಂಡಿತ್ತು. ರೋಗಿಯಿಂದ ಸಮಾಜವನ್ನು ಕಾಪಾಡುವುದು ಅದರ ಮುಖ್ಯ ಚಿಂತೆ. ರೋಗಿ ಗುಣವಾಗುವ ಮಾತು ಅದರಲ್ಲಿ ಹಿಂದಿನ ಬೆಂಚಿನಲ್ಲಿತ್ತು. ಈ ಕಾಯಿದೆ ಎಂಬತ್ತು ವರ್ಷ ನಡೆಯಿತು. ಅದರ ಬದಲಿಗೆ ಬಂದ 1987ರ ಮಾನಸಿಕ ಆರೋಗ್ಯ ಕಾಯಿದೆ ಜಾರಿಗೆ ಬಂದದ್ದು 1993ರ ಎಪ್ರಿಲ್ 1ರಂದು. ಇದರಲ್ಲಿ ಸಂಬಂಧಿಕರ ಅರ್ಜಿ ಮತ್ತು ಇಬ್ಬರು ವೈದ್ಯರ ಪ್ರಮಾಣಪತ್ರದ ಮೇಲೆ ರೋಗಿಯನ್ನು 90 ದಿನಗಳವರೆಗೆ ಆಸ್ಪತ್ರೆಯಲ್ಲಿಡಬಹುದಿತ್ತು. ಮನೆಯವರಿಗೆ ಇದರಿಂದ ಅನುಕೂಲವಾಯಿತು. ರೋಗಿಯ ಅಭಿಪ್ರಾಯಕ್ಕೆ ಅದರಲ್ಲಿ ಹೆಚ್ಚು ಜಾಗವಿರಲಿಲ್ಲ.

2001ರ ಆಗಸ್ಟ್ 6ರಂದು ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಎರ್ವಾಡಿಯಲ್ಲಿ ದೇಶ ತಲೆತಗ್ಗಿಸುವ ಘಟನೆ ನಡೆಯಿತು. ಅಲ್ಲಿನ ದರ್ಗಾದ ಸುತ್ತ ಖಾಸಗಿಯವರು ನಡೆಸುತ್ತಿದ್ದ ಆಶ್ರಯಗಳಲ್ಲಿ ಮಾನಸಿಕ ರೋಗಿಗಳನ್ನು ಸರಪಳಿಯಲ್ಲಿ ಕಟ್ಟಿ ಇಡುತ್ತಿದ್ದರು. ಅಂತಹ ಒಂದು ಗುಡಿಸಲಿಗೆ ಬೆಂಕಿ ಬಿದ್ದಾಗ ಕಟ್ಟಿದವರು ಎದ್ದು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಸುಪ್ರೀಂ ಕೋರ್ಟು ತಾನಾಗಿ ಈ ವಿಷಯವನ್ನು ಕೈಗೆತ್ತಿಕೊಂಡಿತು. ಅವರಲ್ಲಿ ಹಲವರನ್ನು ಅಲ್ಲಿಗೆ ತಂದು ಬಿಟ್ಟವರು ಮನೆಯವರೇ ಎಂಬುದನ್ನು ನಾವು ಮರೆಯಬಾರದು. ಅವರೆಲ್ಲ ಕೆಟ್ಟವರಾಗಿರಲಿಲ್ಲ. ಹತ್ತಿರದಲ್ಲಿ ಆಸ್ಪತ್ರೆಯಿಲ್ಲದೆ, ಕೈಯಲ್ಲಿ ಹಣವಿಲ್ಲದೆ, ದೇವರ ಹೆಸರಿನಲ್ಲಿ ನಂಬಿಕೆಯಿಟ್ಟು ಬಿಟ್ಟುಹೋದವರೂ ಇದ್ದರು.

2007ರಲ್ಲಿ ಭಾರತ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಗೆ ಒಪ್ಪಿಗೆ ಕೊಟ್ಟಿತು. ಅದಕ್ಕೆ ಹೊಂದುವಂತೆ ರೂಪುಗೊಂಡ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ 2017ರಲ್ಲಿ ಅಂಗೀಕಾರವಾಗಿ 2018ರ ಮೇ 29ರಂದು ಜಾರಿಯಾಯಿತು. ಇದರ ತಿರುಳು ಬೇರೆ. ಮಾನಸಿಕ ಕಾಯಿಲೆಯವನಿಗೂ ತನ್ನ ಚಿಕಿತ್ಸೆಯ ಬಗ್ಗೆ ನಿರ್ಧರಿಸುವ ಸಾಮರ್ಥ್ಯವಿದೆ ಎಂದೇ ಮೊದಲು ಭಾವಿಸಬೇಕು. ಅವನ ನಿರ್ಧಾರ ನಮಗೆ ತಪ್ಪೆಂದು ಕಂಡಿತು ಎಂಬ ಒಂದೇ ಕಾರಣಕ್ಕೆ ಅವನಿಗೆ ಸಾಮರ್ಥ್ಯವಿಲ್ಲ ಎನ್ನುವಂತಿಲ್ಲ. ಯಾವ ರೂಪದಲ್ಲೂ ಸರಪಳಿ ಹಾಕುವಂತಿಲ್ಲ. ಅರಿವಳಿಕೆ ಇಲ್ಲದೆ ವಿದ್ಯುತ್ ಚಿಕಿತ್ಸೆ ಕೊಡುವಂತಿಲ್ಲ. ಬಡತನದ ರೇಖೆಗಿಂತ ಕೆಳಗಿರುವವರಿಗೆ, ಕಾರ್ಡ್ ಇರಲಿ ಇಲ್ಲದಿರಲಿ, ಸರಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ. ವಿಮಾ ಕಂಪನಿಗಳು ದೇಹದ ಕಾಯಿಲೆಯಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು.

ಮನೆಯವರು ಒಟ್ಟಾದ ಬಗೆ

ಪಾಶ್ಚಾತ್ಯ ದೇಶಗಳ ದೊಡ್ಡ ಮಾನಸಿಕ ಆಸ್ಪತ್ರೆಗಳಲ್ಲಿ ಹಿಂದೆ ಮನೆಯವರನ್ನು ಹೊರಗೇ ನಿಲ್ಲಿಸುತ್ತಿದ್ದರು. ನಮ್ಮ ದೇಶದಲ್ಲಿ 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರೂ ಉಳಿಯುವಂತೆ ಮಾಡಿದರು. ಮನೆಯವರಿಗೆ ಕಾಯಿಲೆಯ ಪಾಠವಾಯಿತು, ರೋಗಿಗಳು ಬೇಗ ಮನೆಗೆ ಮರಳಿದರು. ಬೆಂಗಳೂರು, ವೆಲ್ಲೂರುಗಳಲ್ಲೂ ಈ ಪದ್ಧತಿ ಬೇರೂರಿತು. ನಮ್ಮಲ್ಲಿ ಮನೆಯವರು ಚಿಕಿತ್ಸೆಯ ಪಾಲುದಾರರು ಎಂಬ ತಿಳಿವಳಿಕೆ ಹೀಗೆ ವೈದ್ಯರಲ್ಲೇ ಮೊದಲು ಮೂಡಿತು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿ 1979ರಲ್ಲಿ ರೋಗಿಗಳ ತಂದೆತಾಯಂದಿರು ಸೇರಿ ರಾಷ್ಟ್ರಮಟ್ಟದ ಸಂಘ ಕಟ್ಟಿದರು. ನಮ್ಮ ಬೆಂಗಳೂರಿನಲ್ಲಿ 1990ರ ದಶಕದಲ್ಲಿ ಮನೆಯವರೇ ಕಟ್ಟಿದ ಆಮೆಂಡ್ ಎಂಬ ಸಂಘ ಕೆಲಸ ಆರಂಭಿಸಿತು. ಮುಂದೆ ಕಾನೂನು ಮತ್ತು ಸರಕಾರಿ ನೀತಿಯ ಬದಲಾವಣೆಗೆಂದೇ ಡಾ. ನಿರ್ಮಲಾ ಶ್ರೀನಿವಾಸನ್ ಅವರ ಮುಂದಾಳುತನದಲ್ಲಿ ಆ್ಯಕ್ಷನ್ ಫಾರ್ ಮೆಂಟಲ್ ಇಲ್‌ನೆಸ್ ಎಂಬ ಸಂಸ್ಥೆ ಹುಟ್ಟಿತು. ಪುಣೆಯಲ್ಲಿ ಜಗನ್ನಾಥ ವಾಣಿ ಅವರು ಸ್ಕಿಜೋಫ್ರೀನಿಯಾ ತಿಳಿವಳಿಕೆಯ ಸಂಘವನ್ನು ಸ್ಥಾಪಿಸಿದರು. ಅವರು ಕೆನಡಾದಲ್ಲಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಪತ್ನಿಗೆ ಬಂದ ಈ ಕಾಯಿಲೆಯನ್ನು ಹತ್ತಿರದಿಂದ ಕಂಡವರು. ಇದೇ ಕಾಯಿಲೆಯ ಕುರಿತ ‘ದೇವರಾಯಿ’ ಎಂಬ ಮರಾಠಿ ಚಿತ್ರದ ಹಿಂದೆಯೂ ಅವರಿದ್ದರು.

ಇಂತಹ ಸಂಘಗಳ ಒಂದು ವಾದ ಸರಳವಾದುದು. ರೋಗಿಯ ಹಕ್ಕುಗಳ ಬಗ್ಗೆ ದಿಲ್ಲಿಯಲ್ಲಿ ಕೂತು ಕಾನೂನು ಬರೆಯುವಾಗ, ಅವನೊಂದಿಗೆ ಹಗಲಿರುಳು ಬದುಕುವವರನ್ನೂ ಕೇಳಬೇಕು ಎಂಬುದು. ಈ ಮಾತಿಗೆ 2017ರ ಕಾಯಿದೆಯಲ್ಲಿ ಜಾಗ ಸಿಕ್ಕಿದೆ. ಕೇಂದ್ರದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಕಾಯಿಲೆ ಅನುಭವಿಸಿದವರ ಇಬ್ಬರು ಪ್ರತಿನಿಧಿಗಳೂ, ಆರೈಕೆ ಮಾಡುವವರ ಇಬ್ಬರು ಪ್ರತಿನಿಧಿಗಳೂ ಇರಬೇಕು. ರೋಗಿಗಳ ದೂರು ಕೇಳುವ ಪರಿಶೀಲನಾ ಮಂಡಳಿಯಲ್ಲಿಯೂ ಇಂತಹವರಿಗೆ ಸ್ಥಾನವಿದೆ.

ತಾಯಿಯ ಪ್ರಶ್ನೆಗೆ ಕಾಯಿದೆಯ ಉತ್ತರ

ರೋಗಿ ಯಾರಿಗಾದರೂ ಹೊಡೆಯುವವರೆಗೆ ಕಾನೂನು ಏನೂ ಮಾಡಲು ಬಿಡುವುದಿಲ್ಲ ಎಂಬ ಮಾತು ನಮ್ಮಲ್ಲಿ ಪ್ರಚಾರದಲ್ಲಿದೆ. ಇದು ಪೂರ್ತಿ ನಿಜವಲ್ಲ. ಕಾಯಿದೆಯ 89ನೆಯ ಸೆಕ್ಷನ್ ಮೂರು ಸಂದರ್ಭಗಳನ್ನು ಹೇಳುತ್ತದೆ. ಒಂದು, ರೋಗಿ ತನಗೆ ತಾನೇ ಹಾನಿ ಮಾಡಿಕೊಳ್ಳಲು ಹೊರಟಾಗ. ಎರಡು, ಇತರರ ಮೇಲೆ ಕೈಮಾಡಿದಾಗ ಅಥವಾ ಇತರರಿಗೆ ಅಂತಹ ಭಯ ಹುಟ್ಟಿಸಿದಾಗ. ಮೂರು, ತನ್ನ ಆರೈಕೆಯನ್ನು ತಾನು ಮಾಡಿಕೊಳ್ಳಲಾಗದೆ ಅಪಾಯಕ್ಕೆ ಸಿಲುಕಿದಾಗ. ಊಟ ಬಿಟ್ಟು, ಸ್ನಾನ ಬಿಟ್ಟು, ತಿಂಗಳುಗಟ್ಟಲೆ ಕೋಣೆಯ ಬಾಗಿಲು ಹಾಕಿಕೊಂಡು ಸೊರಗುತ್ತಿರುವವನಿಗೆ ಈ ಮೂರನೆಯ ಮಾತು ಅನ್ವಯಿಸಬಹುದು. ಆಗ ಅವನ ನಾಮನಿರ್ದೇಶಿತ ಪ್ರತಿನಿಧಿ ಅರ್ಜಿ ಕೊಡಬಹುದು. ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ತಜ್ಞರು ಅಥವಾ ವೈದ್ಯರು ಬೇರೆಬೇರೆಯಾಗಿ ಪರೀಕ್ಷಿಸಿ ಒಪ್ಪಿದರೆ, ಅವನ ಒಪ್ಪಿಗೆ ಇಲ್ಲದಿದ್ದರೂ 30 ದಿನಗಳವರೆಗೆ ಸೇರಿಸಿಕೊಳ್ಳಬಹುದು. ವಿಷಯವನ್ನು ಪರಿಶೀಲನಾ ಮಂಡಳಿಗೆ ತಿಳಿಸಬೇಕು. ರೋಗಿಗೆ ಅಲ್ಲಿ ಮೇಲ್ಮನವಿ ಸಲ್ಲಿಸುವ ಹಕ್ಕಿದೆ.

ಈ ಪ್ರತಿನಿಧಿ ಯಾರು? ರೋಗಿ ಆರೋಗ್ಯದಿಂದಿರುವಾಗ ತನಗೆ ಬೇಕಾದವರ ಹೆಸರನ್ನು ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಿದರೆ ಸಾಕು. ಯಾರನ್ನೂ ಹೆಸರಿಸದಿದ್ದರೆ ಸಂಬಂಧಿಕರು, ಅವರಿಲ್ಲದಿದ್ದರೆ ಆರೈಕೆ ಮಾಡುವವರು ಆ ಸ್ಥಾನಕ್ಕೆ ಬರುತ್ತಾರೆ. ಮುಂದೆ ಕಾಯಿಲೆ ಮರುಕಳಿಸಿದರೆ ತನಗೆ ಎಂತಹ ಚಿಕಿತ್ಸೆ ಬೇಕು, ಎಂತಹುದು ಬೇಡ ಎಂದು ರೋಗಿಯೇ ಮೊದಲೇ ಬರೆದಿಡುವ ಮುಂಗಡ ನಿರ್ದೇಶನಕ್ಕೂ ಅವಕಾಶವಿದೆ. ಜೀವಕ್ಕೆ ಅಪಾಯವಿರುವ ತುರ್ತಿನಲ್ಲಿ ಯಾವುದೇ ನೋಂದಾಯಿತ ವೈದ್ಯರು 72 ಗಂಟೆಗಳವರೆಗೆ ಚಿಕಿತ್ಸೆ ಕೊಡಬಹುದು. ಕಾಯಿಲೆಯಿಂದ ಬೀದಿಯಲ್ಲಿ ಅಲೆಯುವವರನ್ನು ರಕ್ಷಿಸಿ 24 ಗಂಟೆಯೊಳಗೆ ಸರಕಾರಿ ಆಸ್ಪತ್ರೆಗೆ ಮುಟ್ಟಿಸುವುದು ಪೊಲೀಸರ ಕರ್ತವ್ಯ. ಮ್ಯಾಜಿಸ್ಟ್ರೇಟರ ಎದುರು ತಂದವರನ್ನು ಪರೀಕ್ಷೆಗಾಗಿ 10 ದಿನಗಳವರೆಗೆ ಆಸ್ಪತ್ರೆಗೆ ಸೇರಿಸಲು ಅವರು ಆದೇಶಿಸಬಹುದು.

ಕಾಗದದ ಮೇಲೆ ಇಷ್ಟಿದ್ದರೂ ಮನೆಯವರಿಗೆ ಸಮಾಧಾನವಿಲ್ಲ. ಏಕೆ?

ಬಾಕಿ ಉಳಿದ ಮೂರು ಮಾತುಗಳು

ಮೊದಲನೆಯದು, ಕರೆತರುವವರು ಯಾರು ಎಂಬುದು. ಆಸ್ಪತ್ರೆಯ ಬಾಗಿಲಿಗೆ ಬಂದ ಮೇಲಿನ ಕ್ರಮ ಕಾಯಿದೆಯಲ್ಲಿ ವಿವರವಾಗಿದೆ. ಮನೆಯಿಂದ ಆ ಬಾಗಿಲಿನವರೆಗಿನ ದಾರಿ ಮನೆಯವರ ತಲೆಗೇ ಬರುತ್ತದೆ. ಎಪ್ಪತ್ತರ ತಂದೆ ಮೂವತ್ತರ ಮಗನನ್ನು ಹಳ್ಳಿಯಿಂದ ಪುತ್ತೂರಿಗೆ, ಅಲ್ಲಿಂದ ಮಂಗಳೂರಿಗೆ ಹೇಗೆ ಒಯ್ಯಬೇಕು? ಮನೆಗೇ ಬಂದು ಮಾತಾಡಿ ಒಪ್ಪಿಸುವ ತರಬೇತಿ ಪಡೆದ ತಂಡ ಬೇಕೆಂಬುದು ಅವರ ಬೇಡಿಕೆ. ಚಿಕಿತ್ಸೆಯನ್ನೆಲ್ಲ ನಿರಾಕರಿಸುವ ಮುಂಗಡ ನಿರ್ದೇಶನ ಇದ್ದರೆ ಅದನ್ನು ಬದಲಿಸಲು ಮಂಡಳಿಗೆ ಅರ್ಜಿ ಹಾಕಬೇಕು. ಮಂಡಳಿಯ ತೀರ್ಮಾನ ಬರುವವರೆಗೆ ಕಾಯಿಲೆ ಕಾದು ಕೂರುವುದಿಲ್ಲ ಎಂಬ ಅಳಲೂ ಇದೆ.

ಎರಡನೆಯದು, ಆಸ್ತಿಯ ಪ್ರಶ್ನೆ. ಹೊರಗಿನವರಿಗೆ ಇದು ಸ್ವಾರ್ಥದ ಮಾತಿನಂತೆ ಕೇಳಬಹುದು. ತೋಟದ ಮನೆಯವರಿಗೆ ಇದು ಅನ್ನದ ಪ್ರಶ್ನೆ. ಅಡಿಕೆ ತೋಟದ ಆರ್.ಟಿ.ಸಿ.ಯಲ್ಲಿ ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದೆ ಎಂದಿಟ್ಟುಕೊಳ್ಳಿ. ಒಬ್ಬನಿಗೆ ತೀವ್ರ ಕಾಯಿಲೆ. ಪಾಲು ಮಾಡಲು ಅವನ ಸಹಿ ಬೇಕು, ಸಹಕಾರಿ ಸಂಘದ ಸಾಲಕ್ಕೆ ಬೇಕು, ಅವನ ಹೆಸರಿನ ಠೇವಣಿಯಿಂದ ಅವನ ಚಿಕಿತ್ಸೆಗೇ ಹಣ ತೆಗೆಯಲೂ ಬೇಕು. 1987ರ ಕಾಯಿದೆಯಲ್ಲಿ ಜಿಲ್ಲಾ ನ್ಯಾಯಾಲಯ ವಿಚಾರಣೆ ನಡೆಸಿ ಇಂತಹವರಿಗೆ ಪಾಲಕರನ್ನು, ಅವರ ಆಸ್ತಿಗೆ ಮ್ಯಾನೇಜರನ್ನು ನೇಮಿಸುವ ಒಂದು ಅಧ್ಯಾಯವೇ ಇತ್ತು. 2017ರ ಕಾಯಿದೆ ಹಳೆಯದನ್ನು ರದ್ದುಮಾಡಿತು, ಆ ಅಧ್ಯಾಯದ ಜಾಗದಲ್ಲಿ ಬೇರೇನನ್ನೂ ಇಡಲಿಲ್ಲ. ನಾಮನಿರ್ದೇಶಿತ ಪ್ರತಿನಿಧಿಯ ಅಧಿಕಾರ ಚಿಕಿತ್ಸೆಗೆ ಮಾತ್ರ, ಜಮೀನಿಗೂ ಬ್ಯಾಂಕಿಗೂ ಅದು ನಡೆಯದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಡಿ ಜಿಲ್ಲಾ ಮಟ್ಟದ ಸಮಿತಿಯೇ ಪಾಲಕರನ್ನು ನೇಮಿಸುತ್ತದೆ. ಮಾನಸಿಕ ಕಾಯಿಲೆ ಆ ಪಟ್ಟಿಯಲ್ಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಸೀಮಿತ ಪಾಲಕತ್ವವೆಂಬ ಏರ್ಪಾಡಿದೆ. ಅದು ಒಂದು ನಿರ್ದಿಷ್ಟ ತೀರ್ಮಾನಕ್ಕೆ, ನಿರ್ದಿಷ್ಟ ಅವಧಿಗೆ ಸೀಮಿತ. ಇತರರು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ಕೋಮಾದಲ್ಲಿ ಮಲಗಿದವರ ಪಾಲಕರ ನೇಮಕಕ್ಕೆ ಕಾನೂನೇ ಇಲ್ಲದ್ದನ್ನು ಕಂಡು ನೆರೆಯ ಕೇರಳದ ಹೈಕೋರ್ಟು 2019ರಲ್ಲಿ ತಾನೇ ಮಾರ್ಗಸೂಚಿ ಹಾಕಿಕೊಟ್ಟಿತು. ಎಲ್ಲರಿಗೂ ಹೈಕೋರ್ಟಿಗೆ ಹೋಗುವ ಶಕ್ತಿ ಇರುತ್ತದೆಯೇ?

ಮೂರನೆಯದು ಎಲ್ಲಕ್ಕಿಂತ ಭಾರವಾದುದು. ನಾವು ಹೋದ ಮೇಲೆ ಯಾರು? ಹಿಂದೆ ನಮ್ಮ ಜಿಲ್ಲೆಯ ಅಳಿಯಕಟ್ಟಿನ ದೊಡ್ಡ ಮನೆಗಳಲ್ಲಿ, ಕೂಡುಕುಟುಂಬಗಳಲ್ಲಿ ಮದುವೆಯಾಗದ ಒಬ್ಬ ಮಾವನೋ ಚಿಕ್ಕಪ್ಪನೋ ಚಾವಡಿಯ ಮೂಲೆಯಲ್ಲಿ ಇದ್ದೇ ಇರುತ್ತಿದ್ದ. ಅವನಿಗೆ ಔಷಧಿ ಸಿಕ್ಕದಿರಬಹುದು, ಊಟ ತಪ್ಪುತ್ತಿರಲಿಲ್ಲ. ಇವತ್ತು ಮನೆ ಪಾಲಾಗಿದೆ, ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿಯಲ್ಲೋ ಇದ್ದಾರೆ. ತೋಟದ ಮನೆಯಲ್ಲಿ ಇಬ್ಬರು ಮುದುಕರು ಮತ್ತು ಕಾಯಿಲೆಯ ಮಗ. ಆಸ್ಪತ್ರೆಯ ಅಗತ್ಯವಿಲ್ಲದವರಿಗಾಗಿ ಅರೆದಾರಿ ಮನೆಗಳು, ಗುಂಪುಮನೆಗಳು ಮುಂತಾದವನ್ನು ಸರಕಾರ ಒದಗಿಸಬೇಕೆಂದು 19ನೆಯ ಸೆಕ್ಷನ್ ಹೇಳುತ್ತದೆ. ಯಾವಾಗ ಎಂದರೆ, ಸಮಂಜಸ ಅವಧಿಯೊಳಗೆ ಎಂದಷ್ಟೇ ಬರೆದಿದೆ. ತಂದೆತಾಯಿಯ ವಯಸ್ಸಿಗೆ ಅಂತಹ ಸಡಿಲ ಅವಧಿಯಿಲ್ಲ.

ಅತ್ತ ದರಿ, ಇತ್ತ ಪುಲಿ

ಹಾಗಾದರೆ ಮನೆಯವರಿಗೆ ಹಿಂದಿನಂತೆ ಪೂರ್ತಿ ಅಧಿಕಾರ ಕೊಟ್ಟುಬಿಡಬಹುದಲ್ಲ ಎಂದು ಕೇಳಬಹುದು. ಇಲ್ಲಿ ನಿಧಾನಿಸಬೇಕು. ಹೆಂಡತಿಯನ್ನು ಬಿಡಲು ಹುಚ್ಚಿನ ಹಣೆಪಟ್ಟಿ ಹಚ್ಚಿದ ಗಂಡಂದಿರಿದ್ದಾರೆ. ಪಾಲು ತಪ್ಪಿಸಲು ತಮ್ಮನನ್ನು ಆಸ್ಪತ್ರೆಗೆ ಸೇರಿಸಿದ ಅಣ್ಣಂದಿರಿದ್ದಾರೆ. ಗುಣವಾದ ಮೇಲೂ ಕರೆದೊಯ್ಯಲು ಯಾರೂ ಬಾರದೆ ಆಸ್ಪತ್ರೆಗಳಲ್ಲಿ ಮುದಿಯಾದವರಿದ್ದಾರೆ. ಯಾವ ಅಪರಾಧವನ್ನೂ ಮಾಡದ ಮಾನಸಿಕ ರೋಗಿಗಳನ್ನು ಜೈಲಿನಲ್ಲಿಡುವುದು ಸಂವಿಧಾನಕ್ಕೆ ವಿರುದ್ಧವೆಂದು 1993ರಲ್ಲಿ ಸುಪ್ರೀಂ ಕೋರ್ಟು ಶೀಲಾ ಬರ್ಸೆ ಪ್ರಕರಣದಲ್ಲಿ ಹೇಳಬೇಕಾಯಿತು. ಆದ್ದರಿಂದ ಬಲವಂತದ ಚಿಕಿತ್ಸೆಯನ್ನು ಅನುಭವಿಸಿದವರು ಹೊಸ ಕಾಯಿದೆಯ ರಕ್ಷಣೆಗಳನ್ನು ಸಡಿಲಿಸಬೇಡಿ ಎನ್ನುವುದರಲ್ಲಿ ಅರ್ಥವಿದೆ. ಎಲ್ಲ ಮನೆಯವರೂ ಒಳ್ಳೆಯವರೆಂದು ನಂಬಿ ಕಾನೂನು ಬರೆಯಲಾಗದು, ಎಲ್ಲರೂ ಕೆಟ್ಟವರೆಂದು ನಂಬಿಯೂ ಬರೆಯಲಾಗದು. ಪಾಲಕರ ನೇಮಕವಿರಲಿ, ಅದರ ಲೆಕ್ಕವನ್ನು ವರ್ಷಕ್ಕೊಮ್ಮೆ ನ್ಯಾಯಾಲಯ ನೋಡಲಿ, ರೋಗಿಯ ಮಾತನ್ನು ಪ್ರತಿಸಲ ಕೇಳಲಿ ಎಂಬ ಮಧ್ಯಮ ಮಾರ್ಗ ನನಗೆ ಸರಿಯೆನ್ನಿಸುತ್ತದೆ.

ಕಾನೂನೊಂದೇ ಸಾಲದು ಎಂಬುದಕ್ಕೂ ಉದಾಹರಣೆಯಿದೆ. 1999ರ ಜನವರಿಯಲ್ಲಿ ನ್ಯೂಯಾರ್ಕಿನ ಸುರಂಗ ರೈಲುನಿಲ್ದಾಣದಲ್ಲಿ ಕೆಂಡ್ರಾ ವೆಬ್‌ಡೇಲ್ ಎಂಬ ಯುವತಿಯನ್ನು ಸ್ಕಿಜೋಫ್ರೀನಿಯಾ ಇದ್ದ ಅಪರಿಚಿತನೊಬ್ಬ ರೈಲಿನ ಮುಂದೆ ತಳ್ಳಿದ. ಅವಳ ತಂದೆತಾಯಿ ರೋಗಿಗಳನ್ನು ದ್ವೇಷಿಸುವ ದಾರಿ ಹಿಡಿಯಲಿಲ್ಲ. ಚಿಕಿತ್ಸೆ ಬಿಟ್ಟವರಿಗೆ ನ್ಯಾಯಾಲಯದ ಆದೇಶದಂತೆ ಮನೆಯಲ್ಲಿದ್ದೇ ಚಿಕಿತ್ಸೆ ಸಿಗುವ ಕಾನೂನಿಗಾಗಿ ಅವರು ಓಡಾಡಿದರು. ಅದೇ ವರ್ಷ ಆ ಕಾನೂನು ಮಗಳ ಹೆಸರಿನಲ್ಲೇ ಬಂತು. ಆದರೆ ತಳ್ಳಿದ ಆ ಮನುಷ್ಯ ಅದಕ್ಕೆ ಮೊದಲು ತಾನೇ ಹಲವು ಸಲ ಆಸ್ಪತ್ರೆಗಳ ನೆರವು ಕೇಳಿಕೊಂಡು ಹೋಗಿದ್ದನೆಂಬುದೂ ಹೊರಬಂತು. ಬೇಡವೆನ್ನುವವನನ್ನು ಒಪ್ಪಿಸುವ ಕಾನೂನಿಗಿಂತ ಮೊದಲು, ಬೇಕೆಂದು ಬಂದವನಿಗೆ ಹಾಸಿಗೆ ಇರಬೇಕು. ಇನ್ನೊಂದು ಮಾತು: ಮಾನಸಿಕ ಕಾಯಿಲೆಯವರಲ್ಲಿ ಬಹುಪಾಲು ಮಂದಿ ಯಾರಿಗೂ ತೊಂದರೆ ಕೊಡುವವರಲ್ಲ. ಇತರರಿಂದ ಹಿಂಸೆ, ಮೋಸ ಅನುಭವಿಸುವವರೇ ಅವರಲ್ಲಿ ಹೆಚ್ಚು.

ಈ ವಿಷಯದಲ್ಲಿ ಕರ್ನಾಟಕಕ್ಕೆ ಒಳ್ಳೆಯ ಪರಂಪರೆಯಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಲುಪಿಸಬಹುದೆಂದು ತೋರಿಸಿತು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ನಿಗದಿತ ದಿನ ಬರುವ ಮನೋಚೈತನ್ಯ ಎಂಬ ಯೋಜನೆಯನ್ನು ರಾಜ್ಯ ಸರಕಾರ ರೂಪಿಸಿತು.

ಇವತ್ತೇ ಮಾಡಬಹುದಾದದ್ದು

ಕಾನೂನು ಬದಲಾಗುವವರೆಗೆ ಕಾಯುತ್ತ ಕೂರಬೇಕಾಗಿಲ್ಲ. 14416 ಎಂಬ ನಂಬರಿಗೆ ಫೋನ್ ಮಾಡಿದರೆ ಟೆಲಿ-ಮಾನಸ್ ಸೇವೆ ಹಗಲೂ ರಾತ್ರಿ ಕನ್ನಡದಲ್ಲಿ, ಉಚಿತವಾಗಿ ಸಿಗುತ್ತದೆ. ಇದು 2022ರಿಂದ ನಡೆಯುತ್ತಿದೆ. ರೋಗಿ ಬಾರದಿದ್ದರೂ ಮನೆಯವರು ಫೋನ್ ಮಾಡಿ ಸಲಹೆ ಪಡೆಯಬಹುದು. ನಿಮ್ಮ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿ. ಮಂಗಳೂರಿನ ವೆನ್ಲಾಕ್ ಜಿಲ್ಲಾ ಆಸ್ಪತ್ರೆಯಲ್ಲಿಯೂ ಮನೋರೋಗ ವಿಭಾಗವಿದೆ. ಕಾಯಿಲೆ ಹತೋಟಿಯಲ್ಲಿರುವ ಒಳ್ಳೆಯ ದಿನ ನೋಡಿ ಮಗನನ್ನೋ ಮಗಳನ್ನೋ ಕೂರಿಸಿಕೊಂಡು, “ನಿನಗೆ ಪುನಃ ಹುಷಾರಿಲ್ಲದಾದರೆ ಯಾರ ಮಾತು ನಡೆಯಬೇಕು?” ಎಂದು ಕೇಳಿ, ಆ ಬಿಳಿ ಹಾಳೆಯನ್ನು ಬರೆಸಿಡಿ. ಆರೋಗ್ಯದ ಅವಧಿಯಲ್ಲಿ ಇಂತಹವರು ಮಾಡಿದ ಕರಾರೂ ಸಿಂಧುವೇ ಎಂದು 1872ರ ಕರಾರು ಕಾಯಿದೆಯೇ ಹೇಳುತ್ತದೆ. ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಮಾನಸಿಕ ಕಾಯಿಲೆಯೂ ಅರ್ಹ, ಅರ್ಜಿ ಹಾಕಿ. ವಿಲ್ ಬರೆಯುವಾಗ ಆ ಮಗುವಿನ ಪಾಲನ್ನು ಬರಿಯ ನಂಬಿಕೆಯ ಮೇಲೆ ಬಿಡದೆ, ಟ್ರಸ್ಟ್ ಮಾಡಬಹುದೇ ಎಂದು ವಕೀಲರಲ್ಲಿ ಕೇಳಿ. ವಕೀಲರಿಗೆ ಕೊಡಲು ಹಣವಿಲ್ಲದವರು ತಾಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು. ನಿಮ್ಮಂತಹ ಇನ್ನೆರಡು ಮನೆಗಳು ಊರಿನಲ್ಲಿ ಖಂಡಿತ ಇವೆ. ಮೂರು ಮನೆಯವರು ಒಟ್ಟಾಗಿ ಶಾಸಕರಲ್ಲಿಯೂ ಜಿಲ್ಲಾಧಿಕಾರಿಗಳಲ್ಲಿಯೂ ಪರಿಶೀಲನಾ ಮಂಡಳಿ, ಹಗಲು ಆರೈಕೆ ಕೇಂದ್ರ, ಗುಂಪುಮನೆ ಇವುಗಳ ಬಗ್ಗೆ ಕೇಳಿದರೆ ಅದು ಒಂದು ಸಂಘದ ಆರಂಭವೇ.

ವಿದ್ಯಾರ್ಥಿಗಳಲ್ಲಿ ಒಂದು ಮಾತು. ನಿಮ್ಮಲ್ಲಿ ಕೆಲವರ ಮನೆಯಲ್ಲಿ ಕಾಯಿಲೆಯ ಅಣ್ಣನೋ ಅಕ್ಕನೋ ಇರಬಹುದು. ಗೆಳೆಯರನ್ನು ಮನೆಗೆ ಕರೆಯಲು ನಾಚಿಕೆಯೆನಿಸಿರಬಹುದು, ನಾಳೆ ಈ ಹೊಣೆ ನನ್ನ ತಲೆಗೇ ಎಂದು ಭಯವೂ ಆಗಿರಬಹುದು. ಆ ಭಯವನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿ. ಹೊಣೆ ಪೂರ್ತಿ ನಿಮ್ಮೊಬ್ಬರ ಮೇಲೆ ಬೀಳದಿರಲಿ ಎಂದೇ ಕಾನೂನು ಬದಲಾಗಬೇಕೆನ್ನುವುದು. ನಿಮ್ಮ ಕ್ಲಾಸಿನ ಹುಡುಗನೊಬ್ಬ ಇದ್ದಕ್ಕಿದ್ದಂತೆ ಮಾತು ಬಿಟ್ಟರೆ, ನಿದ್ದೆಯಿಲ್ಲದೆ ಅಲೆದರೆ, ಯಾರೋ ತನ್ನ ಬಗ್ಗೆ ಸಂಚು ಮಾಡುತ್ತಿದ್ದಾರೆಂದು ಹೇಳಿದರೆ ನಗಬೇಡಿ. ಅವನ ಮನೆಯವರಿಗೋ ಅಧ್ಯಾಪಕರಿಗೋ ಅದೇ ವಾರ ತಿಳಿಸಿ.